ಬಿಡು ಎಂದವರು ಉಣ್ಣುವುದನ್ನೂ ಕಲಿಸಬೇಕು



ಘಟ್ಟದ ಮೇಲೆ ಕುಳಿತು ಲೋಕಕ್ಕೆ ಉಪದೇಶ ಮಾಡುವುದು ಸುಲಭ. ನಮ್ಮ ಬಳಗವು ಹಲವು ವರ್ಷಗಳಿಂದ ಕರಪತ್ರಗಳಲ್ಲಿಯೂ ಶಿಬಿರಗಳಲ್ಲಿಯೂ ಪಾದಯಾತ್ರೆಗಳಲ್ಲಿಯೂ ‘ಮಾಂಸ ಬಿಡಿ, ಭೂಮಿಯ ಹೊರೆ ಇಳಿಸಿ’ ಎಂದು ಸಾರುತ್ತ ಬಂದಿದೆ. ಆ ಮಾತಿಗೆ ಆಧಾರವಿಲ್ಲವೆಂದಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2006ರಲ್ಲಿ ಹೊರತಂದ ವರದಿಯು ಮನುಷ್ಯ ಚಟುವಟಿಕೆಯಿಂದ ಹೊಮ್ಮುವ ಹಸಿರುಮನೆ ಅನಿಲಗಳಲ್ಲಿ ಶೇಕಡಾ 18ರಷ್ಟು ಪಶುಸಂಗೋಪನೆಯದೆಂದು ಲೆಕ್ಕ ಹಾಕಿತು. 2013ರಲ್ಲಿ ಅದೇ ಸಂಘಟನೆ ಆ ಲೆಕ್ಕವನ್ನು ತಿದ್ದಿ ಶೇಕಡಾ 14.5 ಎಂದಿತು. ಅಮೆಜಾನ್ ಕಾಡು ದನಗಳ ಹುಲ್ಲುಗಾವಲಿಗಾಗಿ ಬರಿದಾದುದನ್ನು ನಾವೆಲ್ಲರೂ ಬಲ್ಲೆವು. ಇಷ್ಟೂ ನಿಜ. ಆದರೆ ಇದು ಅರ್ಧ ಸತ್ಯ. ಉಳಿದರ್ಧವನ್ನು ನಾವು ಹೇಳಲಿಲ್ಲ. ಹೇಳದೆ ಉಳಿದುದರ ಬೆಲೆಯನ್ನು ಬೇರೆಯವರು ತೆತ್ತರು.

ಕೆಲ ವರ್ಷಗಳ ಹಿಂದೆ ಬೀದರ ಜಿಲ್ಲೆಯ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರವೊಂದರಲ್ಲಿ ನಾನು ಇದೇ ಉಪದೇಶವನ್ನು ಮಾಡಿದೆ. ಭಾಲ್ಕಿ ತಾಲ್ಲೂಕಿನ ಒಬ್ಬ ಹುಡುಗಿ ಅಂದಿನಿಂದಲೇ ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟಳು. ವರ್ಷ ತುಂಬುವಷ್ಟರಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ಕಣ್ಣು ಕತ್ತಲೆ. ಪರೀಕ್ಷಿಸಿದಾಗ ರಕ್ತದಲ್ಲಿ ಹಿಮೋಗ್ಲೋಬಿನ್ ತೀರ ಕಡಿಮೆಯಿತ್ತು. ಅವಳ ಮನೆಗೆ ಹೋದಾಗ ಅವಳ ತಾಯಿ ಸಿಟ್ಟಾಗಲಿಲ್ಲ, ನೀರು ಕೊಟ್ಟು ಕೂರಿಸಿ ಒಂದೇ ಮಾತು ಹೇಳಿದರು: “ಬಿಡ್ರಿ ಅಂತ ಹೇಳಿದ್ರಿ ಅಣ್ಣಾ, ಆಕಿ ಬಿಟ್ಟಳು. ಬಿಟ್ಟ ಮ್ಯಾಲ ಏನ್ ಉಣ್ಣಬೇಕಂತ ಯಾರೂ ಹೇಳ್ಲಿಲ್ರಿ.”

ಆ ತಾಯಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನ ತಡವಾಗಿ ಬಂದ ಆ ಉತ್ತರ. ಹುಡುಗಿಯ ರಕ್ತಹೀನತೆ ಮಾಂಸ ಬಿಟ್ಟುದರಿಂದಲೇ ಬಂದಿತೆಂದು ನಾನು ಹೇಳಲಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರು ರಕ್ತಹೀನರು. ಅವರಲ್ಲಿ ಮಾಂಸ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ಆದರೆ ಮೊದಲೇ ತೆಳುವಾಗಿದ್ದ ಆ ತಟ್ಟೆಯಿಂದ ನಾವು ಒಂದನ್ನು ತೆಗೆಸಿದೆವು, ಅದರ ಜಾಗಕ್ಕೆ ಇನ್ನೊಂದನ್ನು ಇಡಿಸಲಿಲ್ಲ. ನಾವು ಹೊರಬೇಕಾದ ತಪ್ಪು ಇದು.

ಹೊಸ ಸಸ್ಯಾಹಾರಿ ಏನು ಉಣ್ಣುತ್ತಾನೆ?

ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ಹೊಸದಾಗಿ ಸಸ್ಯಾಹಾರಕ್ಕೆ ಬರುವವರು ಮೂರು ದಾರಿಗಳಿಂದ ಬರುತ್ತಾರೆ. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಊರುಗಳಲ್ಲಿ ತುಳಸಿ ಮಾಲೆ ಧರಿಸಿ ಪಂಢರಪುರದ ವಾರಿಗೆ ಹೊರಡುವವರು ಮಾಂಸ ಬಿಡುತ್ತಾರೆ. ದೀಕ್ಷೆ ಪಡೆದು ಬಿಡುವವರೂ ಇದ್ದಾರೆ. ನಡುವಯಸ್ಸಿನಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಬಂದು ವೈದ್ಯರ ಮಾತಿಗೆ ಬಿಡುವವರು ಇನ್ನು ಕೆಲವರು. ನಮ್ಮಂತಹವರ ಪರಿಸರ ಪ್ರಚಾರಕ್ಕೆ ಮನಸೋತು ಬಿಡುವ ಎಳೆಯರು ಮೂರನೆಯವರು. ಮೂರೂ ದಾರಿಗಳಲ್ಲಿ ಬಿಡುವುದಕ್ಕೆ ಗುರುಗಳಿದ್ದಾರೆ, ಉಣ್ಣುವುದಕ್ಕೆ ಗುರುಗಳಿಲ್ಲ.

ಅದರ ಫಲವನ್ನು ತಟ್ಟೆಯಲ್ಲಿ ನೋಡಬಹುದು. ಬೆಳಿಗ್ಗೆ ಚಹಾ, ಅದರಲ್ಲಿ ಅದ್ದಲು ಬಿಸ್ಕತ್ತು. ಮಧ್ಯಾಹ್ನ ಬಿಳಿಯ ಅನ್ನ, ಬೇಳೆಯ ಬಣ್ಣ ಮಾತ್ರ ಉಳಿದ ತಿಳಿಸಾರು, ಬದಿಗೆ ಆಲೂಗಡ್ಡೆ. ಸಂಜೆ ಬಸ್‌ನಿಲ್ದಾಣದ ಬಳಿ ಪಾಮ್ ಎಣ್ಣೆಯಲ್ಲಿ ಕರಿದ ಮಿರ್ಚಿ ಭಜಿ. ರಾತ್ರಿ ಮತ್ತೆ ಅನ್ನ. ಇದರಲ್ಲಿ ಒಂದು ತುಣುಕು ಮಾಂಸವಿಲ್ಲ, ಒಪ್ಪಿಕೊಳ್ಳೋಣ. ಆದರೆ ಇದರಲ್ಲಿ ಕಾಳಿಲ್ಲ, ಸೊಪ್ಪಿಲ್ಲ, ಮೊಸರಿಲ್ಲ, ಹಣ್ಣಿಲ್ಲ. ಮಾಂಸವಿಲ್ಲದ ಊಟವೆಲ್ಲವೂ ಸಸ್ಯಾಹಾರವೆಂದು ಕರೆಸಿಕೊಳ್ಳುವುದಾದರೆ ಉಪವಾಸವೂ ಸಸ್ಯಾಹಾರವೇ.

ಲೆಕ್ಕವನ್ನೇ ಹಾಕೋಣ. 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಕನಿಷ್ಠ 45 ಗ್ರಾಂ ಪ್ರೋಟೀನು ಬೇಕು. ಹೆಚ್ಚಿನ ಪಾಲು ಧಾನ್ಯದಿಂದಲೇ ಬರುವುದಾದರೆ 55 ಗ್ರಾಂ ಎಂದಿಟ್ಟುಕೊಳ್ಳುವುದು ಕ್ಷೇಮ. ದಿನಕ್ಕೆ 350 ಗ್ರಾಂ ಅಕ್ಕಿ, ಸಾರಿಗೆ 20 ಗ್ರಾಂ ಬೇಳೆ ಉಂಡರೆ ಸಿಗುವುದು ಸುಮಾರು 32 ಗ್ರಾಂ. ಹೊಟ್ಟೆ ತುಂಬಿತು, ದೇಹಕ್ಕೆ ಬೇಕಾದುದು ಬರಲಿಲ್ಲ.

ಕಾಳು ಬೆಳೆಯುವ ನೆಲದಲ್ಲಿ ಕಾಳಿಲ್ಲದ ತಟ್ಟೆ

ಇದು ಅಕ್ಕಿಯ ನಾಡಿನಲ್ಲಿ ನಡೆದಿದ್ದರೆ ಆಶ್ಚರ್ಯಪಡಬೇಕಿರಲಿಲ್ಲ. ಆದರೆ ಬೀದರ ಕಾಳುಗಳ ನೆಲ. ಬೀದರ ಸುತ್ತಲಿನ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯಿಂದ ಇಳಿದು ಭಾಲ್ಕಿ, ಔರಾದ ಕಡೆಗೆ ಹೋದಂತೆ ಎರೆಭೂಮಿ ತೆರೆದುಕೊಳ್ಳುತ್ತದೆ. ಮುಂಗಾರಿಗೆ ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ. ಇಷ್ಟು ಬಗೆಯ ಕಾಳುಗಳು ಒಂದೇ ಜಿಲ್ಲೆಯಲ್ಲಿ ಬೆಳೆಯುವ ಭಾಗ್ಯ ನಮ್ಮ ಮಲೆನಾಡಿಗಿಲ್ಲ. ನಾವು ಉಣ್ಣುವ ತೊವ್ವೆಯ ಬೇಳೆ ಬಯಲಿನಿಂದ ಘಟ್ಟ ಹತ್ತಿ ಬಂದದ್ದು. ಅದನ್ನು ಬೆಳೆದವನ ಮನೆಯ ಸಾರು ನಮ್ಮ ಸಾರಿಗಿಂತ ತಿಳಿಯಾಗಿರುವುದು ಎಂತಹ ನ್ಯಾಯ?

ಕಳೆದ ಎರಡು ಮೂರು ದಶಕಗಳಲ್ಲಿ ಈ ಹೊಲಗಳ ಮುಂಗಾರಿಯನ್ನು ಸೋಯಾ ಅವರೆ ಆಕ್ರಮಿಸಿದೆ. ಹೆಸರು, ಉದ್ದು, ಮುಂಗಾರಿ ಜೋಳ ಹಿಂದೆ ಸರಿದಿವೆ. ಸೋಯಾ ಒಳ್ಳೆಯ ಕಾಳೇ. ಅದರಲ್ಲಿರುವಷ್ಟು ಪ್ರೋಟೀನು ಬೇರಾವ ಕಾಳಿನಲ್ಲಿಯೂ ಇಲ್ಲ. ಆದರೆ ಅದನ್ನು ಬೆಳೆದವನ ಅಡುಗೆಮನೆ ಅದನ್ನು ಅರಿಯದು. ಹೊಲದಿಂದ ಗಂಜಿಗೆ, ಗಂಜಿನಿಂದ ಎಣ್ಣೆ ಗಿರಣಿಗೆ, ಹಿಂಡಿಯಾಗಿ ಕೋಳಿ ಫಾರಮ್ಮುಗಳಿಗೆ ಅದರ ಪಯಣ. ಹಣ ಬರುತ್ತದೆ, ಬೆಲೆ ಕುಸಿದ ವರ್ಷ ಅದೂ ಇಲ್ಲ. ಹೆಸರು, ಉದ್ದು ಬೆಳೆದ ರೈತ ಬೆಲೆ ಬಿದ್ದ ವರ್ಷ ನಾಲ್ಕು ಚೀಲ ಮನೆಯಲ್ಲಿಟ್ಟುಕೊಂಡು ಉಣ್ಣುತ್ತಿದ್ದ. ಸೋಯಾ ಬೆಳೆದವನಿಗೆ ಆ ಆಸರೆಯೂ ಇಲ್ಲ.

ಇನ್ನೊಂದನ್ನು ಗಮನಿಸಿ. ಜೋಳ ಮನುಷ್ಯನಿಗೆ ಕಾಳು ಕೊಡುತ್ತದೆ, ದನಕ್ಕೆ ಕಣಿಕೆ ಕೊಡುತ್ತದೆ. ಬೀದರ ಮತ್ತು ಲಾತೂರು ಸೀಮೆಯ ದೇವಣಿ ತಳಿಯ ದನಗಳು ಆ ಕಣಿಕೆಯನ್ನು ತಿಂದು ಹೊಲ ಉತ್ತವು, ಹಾಲು ಕೊಟ್ಟವು, ಗೊಬ್ಬರ ಕೊಟ್ಟವು. ಜೋಳ ಹೋದರೆ ಕಣಿಕೆ ಹೋಗುತ್ತದೆ, ಕಣಿಕೆ ಹೋದರೆ ದನ ಹೋಗುತ್ತದೆ, ದನ ಹೋದರೆ ಮನೆಯ ಮಜ್ಜಿಗೆ ಹೋಗುತ್ತದೆ. ಆಹಾರ ಸಂಸ್ಕೃತಿಯ ನಾಶವೆಂದರೆ ಹೀಗೆ ಒಂದರ ಹಿಂದೆ ಒಂದು ಕೊಂಡಿ ಕಳಚುವುದು.

2013ರಲ್ಲಿ ಅನ್ನಭಾಗ್ಯ ಯೋಜನೆ ಬಂದಿತು. ಹಸಿವನ್ನು ನೀಗಿದ ಆ ಅಕ್ಕಿಯನ್ನು ಹಳಿಯುವುದು ಹೊಟ್ಟೆ ತುಂಬಿದವರ ಸೊಕ್ಕು, ನಾನು ಹಳಿಯುವುದಿಲ್ಲ. ಕೂಲಿಯಿಲ್ಲದ ದಿನಗಳಲ್ಲಿ ಒಲೆ ಹೊತ್ತಿಸಿದ್ದು ಆ ಅಕ್ಕಿಯೇ. ಆದರೆ ಜೋಳದ ನೆಲದಲ್ಲಿ ಪಡಿತರವೆಂದರೆ ಮುಖ್ಯವಾಗಿ ಅಕ್ಕಿಯೇ ಆಗಿ ಹೋದುದನ್ನು ಪ್ರಶ್ನಿಸದಿರಲಾಗದು. ಉತ್ತರದ ಜಿಲ್ಲೆಗಳಿಗೆ ಜೋಳ ಹಂಚುವ ಮಾತು, ಪ್ರಯತ್ನ ಆಗಾಗ ನಡೆದದ್ದುಂಟು. ಅದು ಆಗಾಗ ನಡೆಯುವ ಪ್ರಯತ್ನವಾಗಿ ಉಳಿಯಬಾರದು, ಹಕ್ಕಾಗಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಗರಗಳ ಅಂಗಡಿಗಳಲ್ಲಿ ಸಿರಿಧಾನ್ಯದ ಬಿಸ್ಕತ್ತುಗಳು ಮಿಂಚಿದವು. ಔರಾದಿನ ಕೂಲಿಯ ಹೆಣ್ಣುಮಗಳ ಚೀಲಕ್ಕೆ ಜೋಳ ಬಿತ್ತೇ ಎಂದು ಕೇಳಿದವರು ಎಷ್ಟು ಮಂದಿ?

ರೊಟ್ಟಿಯೊಂದೇ ಸಾಲದು

ಇಲ್ಲಿ ನಮ್ಮ ಬಳಗದ ಇನ್ನೊಂದು ಭ್ರಮೆಯನ್ನೂ ಒಡೆಯಬೇಕು. ‘ಹಿಂದಿನವರು ರೊಟ್ಟಿ ತಿಂದು ಗಟ್ಟಿಯಾಗಿದ್ದರು’ ಎಂದು ನಾವು ಕಣ್ಣುಮುಚ್ಚಿ ಹೇಳುತ್ತೇವೆ. ಹಿಂದಿನವರೆಲ್ಲರೂ ಗಟ್ಟಿಯಾಗಿರಲಿಲ್ಲ. ಬೀದರಿನಿಂದ ಕೆಲವೇ ತಾಸುಗಳ ದಾರಿಯಲ್ಲಿರುವ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಟಯ್ಯ ಅವರು ದಖ್ಖನ್ನಿನ ಬಡವರಲ್ಲಿ ಕಾಣಿಸುತ್ತಿದ್ದ ಪೆಲ್ಲಾಗ್ರ ರೋಗವನ್ನು ಅಭ್ಯಸಿಸಿ 1960ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಬಿಸಿಲು ಬೀಳುವ ಕೊರಳು, ಕೈಗಳ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಕಳವಳ ಅದರ ಲಕ್ಷಣಗಳು. ಆ ರೋಗಿಗಳ ಮುಖ್ಯ ಆಹಾರ ಜೋಳ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸೀನ್ ಎಂಬ ಅಂಶ ನಯಾಸಿನ್ ಜೀವಸತ್ವದ ಬಳಕೆಗೆ ಅಡ್ಡಿ ಮಾಡುತ್ತದೆಂಬುದು ಅವರ ವಾದ. ಆ ವಾದದ ಬಗ್ಗೆ ಮುಂದೆ ವಿಜ್ಞಾನಿಗಳಲ್ಲಿ ಚರ್ಚೆ ನಡೆಯಿತು. ಆದರೆ ರೊಟ್ಟಿಯೊಂದನ್ನೇ ಮೆಣಸಿನಕಾಯಿ ಚಟ್ನಿಯೊಡನೆ ಉಂಡವನಿಗೆ ಆರೋಗ್ಯವಿಲ್ಲವೆಂಬುದರಲ್ಲಿ ಚರ್ಚೆಯಿಲ್ಲ. ಕಾಳು, ಸೊಪ್ಪು, ಹಾಲು ಇದ್ದ ಮನೆಯಲ್ಲಿ ಅದೇ ಜೋಳ ಅಮೃತವಾಯಿತು. ಹಿಂದಿನವರ ಊಟವನ್ನು ಹೊಗಳುವಾಗ ಹಿಂದಿನ ಯಾರ ಊಟ ಎಂದು ಕೇಳಿಕೊಳ್ಳಬೇಕು. ಗೌಡರ ಮನೆಯ ಪಡಸಾಲೆಯ ಊಟವೋ, ಅವರ ಹೊಲದಲ್ಲಿ ಕಳೆ ಕಿತ್ತವಳ ಬುತ್ತಿಯೋ?

ಹಾಗಾದರೆ ಹೊಸಬರಿಗೆ ಹೇಳಬೇಕಾದುದೇನು? ಬಹಳವಿಲ್ಲ, ಐದು ಮಾತುಗಳು.

ಮೊದಲನೆಯದು, ಧಾನ್ಯಕ್ಕೆ ಕಾಳು ಜೊತೆಯಾಗಲಿ. ಜೋಳ, ಗೋಧಿ, ಅಕ್ಕಿಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮಿಥಿಯೋನಿನ್ ಧಾನ್ಯಗಳಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯೊಡನೆ ಮಡಕಿ ಕಾಳಿನ ಉಸಳಿ, ಹೆಸರು ಕಾಳಿನ ಪಲ್ಯ, ಝುಣಕ, ಗಟ್ಟಿಯಾದ ತೊಗರಿ ಬೇಳೆ, ಇವುಗಳಲ್ಲಿ ಯಾವುದಾದರೂ ಒಂದು ಪ್ರತಿ ಊಟದಲ್ಲಿರಲಿ. ಬೀದರಿನ ನಾನಕ ಝೀರಾ ಗುರುದ್ವಾರದ ಲಂಗರಿನಲ್ಲಿ ಜಾತಿ ಕೇಳದೆ ಎಲ್ಲರ ತಟ್ಟೆಗೂ ಬಡಿಸುವ ರೋಟಿ ಮತ್ತು ದಾಲ್ ಇದೇ ಪಾಠವನ್ನು ದಿನವೂ ಹೇಳುತ್ತಿದೆ. ಅಲ್ಲಿನ ದಾಲ್ ದಪ್ಪಗಿರುತ್ತದೆ ಎಂಬುದನ್ನು ಮರೆಯಬೇಡಿ.

ಎರಡನೆಯದು, ಸೊಪ್ಪು ಮತ್ತು ಹುಳಿ. ಪುಂಡಿ, ರಾಜಗಿರಿ, ಮೆಂತ್ಯ, ಹಕ್ಕರಿಕೆ, ಕುಸುಬೆಯ ಎಳೆಯ ಎಲೆ, ಕಡಲೆಯ ಕುಡಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟುವ ಗೋಳಿ ಪಲ್ಯ: ಇವು ಬಡವರ ಔಷಧಾಲಯ. ಸಸ್ಯಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಲಿಂಬೆ, ನೆಲ್ಲಿ, ಟೊಮ್ಯಾಟೊ, ಪೇರಲೆ ಹಣ್ಣು ಊಟದ ಜೊತೆಗಿದ್ದರೆ ಅದರಲ್ಲಿನ ಸಿ ಜೀವಸತ್ವ ಈ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದ ಜೊತೆಗೇ ಕುಡಿಯುವ ಚಹಾ ಅದನ್ನು ತಡೆಯುತ್ತದೆ. ಚಹಾ ಬಿಡಬೇಕಾಗಿಲ್ಲ, ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ. ಕಾಳುಗಳನ್ನು ನೆನೆಸಿ ಮೊಳಕೆ ಬರಿಸಿದರೆ ಕಬ್ಬಿಣಾಂಶ ಇನ್ನಷ್ಟು ದಕ್ಕುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇಲ್ಲ. ಭಾಲ್ಕಿಯ ಆ ಹುಡುಗಿ ರೊಟ್ಟಿಯಿಂದ ಅನ್ನಕ್ಕೆ ಸರಿದಾಗ ಏನನ್ನು ಕಳೆದುಕೊಂಡಳೆಂದು ಇದರಿಂದ ತಿಳಿಯಬಹುದು. ಆದರೆ ರಕ್ತಹೀನತೆ ಆಗಲೇ ಬಂದಿದ್ದರೆ ಸೊಪ್ಪಿನ ಮೇಲೆ ಭಾರ ಹಾಕಿ ಕೂರಬಾರದು. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ನುಂಗಬೇಕು.

ಮೂರನೆಯದು, ಹಿಂಡಿ. ಶೇಂಗಾ ಹಿಂಡಿ, ಅಗಸೆ ಹಿಂಡಿ, ಗುರೆಳ್ಳು ಹಿಂಡಿಗಳನ್ನು ರುಚಿಗೆಂದು ಚಿಟಿಕೆ ಹಾಕಿಕೊಳ್ಳುವ ವಸ್ತುವೆಂದು ಭಾವಿಸಬಾರದು. ಅವು ಊಟದ ಭಾಗ. ಎಣ್ಣೆಬೀಜಗಳಲ್ಲಿ ಒಳ್ಳೆಯ ಕೊಬ್ಬು, ಪ್ರೋಟೀನು ಇವೆ, ಎಳ್ಳಿನಲ್ಲಿ ಸುಣ್ಣದಂಶ ಹೇರಳವಾಗಿದೆ.

ನಾಲ್ಕನೆಯದು, ಹಾಲು, ಮೊಸರು, ಮಜ್ಜಿಗೆ. ಇವು ಪ್ರೋಟೀನು, ಸುಣ್ಣದಂಶಗಳ ಜೊತೆಗೆ ಬಿ12 ಜೀವಸತ್ವವನ್ನೂ ತಕ್ಕಮಟ್ಟಿಗೆ ಕೊಡುತ್ತವೆ.

ಐದನೆಯ ಮಾತು ಈ ಬಿ12ರ ಕುರಿತಾದದ್ದು. ನಮ್ಮ ಬಳಗದವರು ನುಂಗಲು ಹಿಂಜರಿಯುವ ಮಾತೂ ಇದೇ. ಸಸ್ಯಗಳಲ್ಲಿ ಬಿ12 ಇಲ್ಲ. ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ; ಹುಳಿ ಬಂದ ಅಂಬಲಿಯನ್ನು ನಂಬಿ ಕೂರುವಂತೆಯೂ ಇಲ್ಲ. ಯಕೃತ್ತಿನಲ್ಲಿ ಸಂಗ್ರಹವಾದುದು ಕೆಲವು ವರ್ಷ ನಡೆಸುತ್ತದೆ. ಆದ್ದರಿಂದ ಹೊಸ ಸಸ್ಯಾಹಾರಿ ಮೊದಲ ವರ್ಷ ‘ನನಗೇನೂ ಆಗಲಿಲ್ಲ’ ಎಂದು ಬೀಗುತ್ತಾನೆ. ಆಮೇಲೆ ಪಾದಗಳಲ್ಲಿ ಜೋಮು, ಸುಸ್ತು, ಮರೆವು ಶುರುವಾಗುತ್ತವೆ. ಹಾಲು ಮೊಸರುಗಳನ್ನು ದಿನವೂ ಉಣ್ಣಲಾಗದವರು, ಅವುಗಳನ್ನೂ ಬಿಟ್ಟವರು ವೈದ್ಯರನ್ನು ಕೇಳಿ ಬಿ12 ಮಾತ್ರೆಯನ್ನು ತೆಗೆದುಕೊಳ್ಳಲೇಬೇಕು. ಈ ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ, ಪ್ರಾಣಿಯನ್ನು ಕೊಂದಲ್ಲ. ‘ಎಲ್ಲವೂ ಪ್ರಕೃತಿಯಲ್ಲಿಯೇ ಇದೆ, ಮಾತ್ರೆ ಏಕೆ’ ಎಂದು ಭಾಷಣ ಮಾಡುವ ನಮ್ಮ ಗೆಳೆಯರು ಆ ಭಾಷಣವನ್ನು ನಿಲ್ಲಿಸಬೇಕು. ಅದನ್ನು ನಂಬಿದವರ ನರಗಳು ಸವೆಯುತ್ತವೆ.

ಅಳತೆ ಬೇಕೆನ್ನುವವರಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿ ಇದೆ. 2000 ಕ್ಯಾಲೊರಿಯ ಒಂದು ದಿನಕ್ಕೆ ಧಾನ್ಯ 250 ಗ್ರಾಂ, ಕಾಳುಬೇಳೆ 85 ಗ್ರಾಂ, ಸೊಪ್ಪು ಸೇರಿ ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಎಣ್ಣೆಬೀಜ ಮತ್ತಿತರ ಬೀಜಗಳು 35 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಎಣ್ಣೆ 27 ಗ್ರಾಂ. ಧಾನ್ಯವೆಂದರೆ ಜೋಳ, ಬೀಜವೆಂದರೆ ಶೇಂಗಾ ಎಂದಿಟ್ಟುಕೊಂಡರೆ ಇದರಲ್ಲಿ 60 ಗ್ರಾಂ ಮೇಲ್ಪಟ್ಟು ಪ್ರೋಟೀನು ಸಿಗುತ್ತದೆ. ಮಾಂಸವಿಲ್ಲದೆ, ಮೊಟ್ಟೆಯಿಲ್ಲದೆ ಸಿಗುತ್ತದೆ. ಹಾಗಾದರೆ ಇದು ಸಾಧ್ಯ. ಆದರೆ ತಾನಾಗಿ ಆಗುವಂತಹದಲ್ಲ.

ಈ ಪಟ್ಟಿ ಪರದೇಶದ್ದೆಂದು ಬೀದರಿನವರು ಅಂಜಬೇಕಾಗಿಲ್ಲ. ಚಳಿಗಾಲದ ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಊಟವನ್ನು ನೆನೆಯಿರಿ. ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಮೆಂತ್ಯ, ಬದನೆ, ಗಜ್ಜರಿ, ಶೇಂಗಾ ಎಲ್ಲವನ್ನೂ ಹುಣಸೆಯ ಹುಳಿಯೊಡನೆ ಬೇಯಿಸಿದ ಭಜ್ಜಿ. ಸಜ್ಜೆ ರೊಟ್ಟಿ, ಮಜ್ಜಿಗೆ ಬೆರೆತ ಅಂಬಲಿ, ಶೇಂಗಾ ಹೋಳಿಗೆ. ಧಾನ್ಯ, ಕಾಳು, ಸೊಪ್ಪು, ಹುಳಿ, ಬೀಜ, ಹೈನು ಎಲ್ಲವೂ ಒಂದೇ ಎಲೆಯ ಮೇಲಿವೆ. ವರ್ಷದಲ್ಲಿ ಒಂದು ದಿನ ಭೂಮಿತಾಯಿಗೆ ಎಡೆ ಮಾಡುವ ಈ ಊಟದ ಸರಳ ರೂಪವನ್ನು ಉಳಿದ ದಿನಗಳಲ್ಲಿ ನಮ್ಮ ಮಕ್ಕಳಿಗೂ ಮಾಡೋಣ.

ರೊಟ್ಟಿ ಬಡಿಯುವ ಕೈ ಯಾರದು?

ಇಲ್ಲಿ ಹೆಣ್ಣುಮಕ್ಕಳು ಒಂದು ಪ್ರಶ್ನೆ ಕೇಳಿದರೆ ಅದು ನ್ಯಾಯವೇ. ಅನ್ನವಾದರೆ ಕುಕ್ಕರಿನ ಮೂರು ಸೀಟಿ. ರೊಟ್ಟಿಯಾದರೆ ಹಿಟ್ಟು ಬೀಸಿಸಬೇಕು, ನಾದಬೇಕು, ಬಡಿಯಬೇಕು, ಬೆಂಕಿಯ ಮುಂದೆ ಕೂರಬೇಕು. ಹೊಲದ ಕೂಲಿ ಮುಗಿಸಿ ಬಂದವಳಿಗೆ ಇಪ್ಪತ್ತು ರೊಟ್ಟಿ ಬಡಿಯೆಂದು ಹೇಳುವ ಅಧಿಕಾರ ಯಾವ ಪರಿಸರವಾದಿಗೂ ಇಲ್ಲ. ಆಹಾರ ಸಂಸ್ಕೃತಿಯನ್ನು ಉಳಿಸುವ ಹೊಣೆಯನ್ನು ಹೆಂಗಸರ ರಟ್ಟೆಗೆ ಹೊರಿಸಿ ಗಂಡಸರು ಲೇಖನ ಬರೆಯುತ್ತ ಕೂರುವುದು ಚಳವಳಿಯಲ್ಲ. ಮಾಲೆ ಹಾಕಿದವನು, ದೀಕ್ಷೆ ಪಡೆದವನು, ಕರಪತ್ರ ಓದಿ ಬದಲಾದವನು ಕಾಳು ನೆನೆಸಲಿ, ಸೊಪ್ಪು ಬಿಡಿಸಲಿ, ಹಿಂಡಿ ಕುಟ್ಟಲಿ, ರೊಟ್ಟಿ ಬಡಿಯುವುದನ್ನೂ ಕಲಿಯಲಿ. ಜೋಳವನ್ನು ಒಡೆದು ನುಚ್ಚು ಮಾಡಿದರೆ ಅದೂ ಕುಕ್ಕರಿನಲ್ಲಿ ಬೇಯುತ್ತದೆ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಕೊಂಡರೆ ಅವರಿಗೂ ಜೀವನೋಪಾಯ.

ಮಕ್ಕಳ ತಟ್ಟೆಗೆ ಕೈ ಹಾಕಬೇಡಿ

ಕೊನೆಗೆ, ನಮ್ಮ ಓದುಗರಲ್ಲಿ ಹಲವರಿಗೆ ರುಚಿಸದ ಮಾತು. 2021ರ ಡಿಸೆಂಬರಿನಿಂದ ಸರ್ಕಾರವು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದಲ್ಲಿ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡಲಾರಂಭಿಸಿತು. ಕೆಲವು ಮಠಾಧೀಶರು, ಸಂಘಟನೆಗಳು ವಿರೋಧಿಸಿದವು. ‘ಸಸ್ಯಾಹಾರವೇ ಶ್ರೇಷ್ಠ, ಮೊಟ್ಟೆ ನಿಲ್ಲಿಸಿ’ ಎಂದು ನಮ್ಮ ಬಳಗದಲ್ಲಿಯೂ ಕೆಲವರು ದನಿಗೂಡಿಸಿದರು. ಮಕ್ಕಳಾದರೋ ಬಹುಪಾಲು ಮೊಟ್ಟೆಯನ್ನೇ ಆರಿಸಿದರು. ಯೋಜನೆ ಮುಂದೆ ರಾಜ್ಯಕ್ಕೆಲ್ಲ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ 6 ದಿನ ಎಂದಾಯಿತು.

ನಾನು ಮಾಂಸ ಬಿಟ್ಟವನು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದರೂ ಹೇಳುತ್ತೇನೆ: ಬಿಡುವುದು ಬೇರೆ, ಬಿಡಿಸುವುದು ಬೇರೆ. ತಟ್ಟೆಯಲ್ಲಿದ್ದುದನ್ನು ತಾನಾಗಿ ಬದಿಗಿಟ್ಟವನದು ವ್ರತ. ಪರರ ತಟ್ಟೆಯಿಂದ ಕಿತ್ತುಕೊಳ್ಳುವುದು ವ್ರತವಲ್ಲ, ಅಪಹರಣ. ಮನೆಯಲ್ಲಿ ದಪ್ಪ ಬೇಳೆಯೂ ಹಾಲೂ ತುಪ್ಪವೂ ಇರುವವರ ಸಸ್ಯಾಹಾರವನ್ನು, ಅದೊಂದೂ ಇಲ್ಲದ ಮಗುವಿನ ಮೇಲೆ ಹೇರಿದರೆ ಆ ಮಗುವಿಗೆ ಸಿಗುವುದು ಸಸ್ಯಾಹಾರವಲ್ಲ, ಬರಿಯ ಅನ್ನ.

ಹೋರಾಡಬೇಕೆನ್ನುವವರಿಗೆ ನಿಜವಾದ ಹೋರಾಟವೊಂದಿದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು. ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಹಾಗಾದರೆ ಅನ್ಯಾಯವಾಗುತ್ತಿರುವುದು ಮೊಟ್ಟೆ ಒಲ್ಲದ ಮಗುವಿಗೆ. ‘ಅವರ ಮೊಟ್ಟೆ ನಿಲ್ಲಿಸಿ’ ಎಂದು ಕೂಗುವ ಬದಲು ‘ನಮ್ಮ ಮಗುವಿಗೆ ಹಣ್ಣಿನ ಜೊತೆಗೆ ಒಂದು ಬಟ್ಟಲು ಮೊಳಕೆ ಹೆಸರು, ಒಂದು ಹಿಡಿ ಶೇಂಗಾ ಬೆಲ್ಲ ಕೊಡಿ’ ಎಂದು ಏಕೆ ಕೇಳಲಿಲ್ಲ? ಆ ಹೆಸರು ಔರಾದಿನ ಹೊಲದಿಂದ ಬರಬಹುದಲ್ಲವೇ? ಕೇಳದಿದ್ದುದರಿಂದಲೇ ಕಾಳಜಿ ಯಾವುದರ ಮೇಲಿತ್ತೆಂಬುದು ಬಯಲಾಯಿತು. ಅದು ಮಗುವಿನ ಮೇಲಿರಲಿಲ್ಲ.

ದಾರಿ ಹತ್ತಿರದಲ್ಲಿಯೇ ಇದೆ

ಇದೆಲ್ಲ ಆಗದ ಹೋಗದ ಮಾತೆನ್ನುವವರು ಬೀದರಿನಿಂದ ಗಡಿ ದಾಟಿ ಜಹೀರಾಬಾದಿನವರೆಗೆ ಹೋಗಿಬರಲಿ. ಮೈಸೂರಿನವರಾದ ಪಿ. ವಿ. ಸತೀಶ್ ಅವರೂ ಗೆಳೆಯರೂ 1983ರಲ್ಲಿ ಕಟ್ಟಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ದಲಿತ ಹೆಣ್ಣುಮಕ್ಕಳ ಸಂಘಗಳು ಬೀಳುಬಿದ್ದ ನೆಲವನ್ನು ಉತ್ತು ಜೋಳ, ಸಜ್ಜೆ, ನವಣೆಗಳನ್ನು ತೊಗರಿ, ಹೆಸರುಗಳೊಡನೆ ಬೆರೆಸಿ ಬೆಳೆದವು. 1990ರ ದಶಕದಲ್ಲಿ ಅಕ್ಕಿಯ ಪಡಿತರಕ್ಕೆ ಪರ್ಯಾಯವಾಗಿ ಊರಿನಲ್ಲಿಯೇ ಜೋಳ ಸಂಗ್ರಹಿಸಿ ಊರಿನ ಬಡವರಿಗೇ ಕಡಿಮೆ ಬೆಲೆಗೆ ಕೊಟ್ಟವು. ಬಿತ್ತದೆ ಬೆಳೆಯುವ ಹೊಲದ ಸೊಪ್ಪುಗಳನ್ನು ಗುರುತಿಸಿ ದಾಖಲಿಸಿದವು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂದಿತು. ಸತೀಶ್ ಅವರು 2023ರಲ್ಲಿ ತೀರಿಕೊಂಡರು. ಅದೇ ದಖ್ಖನ್ನಿನ ನೆಲ, ಅದೇ ಮಳೆ, ಅದೇ ಬಡತನ. ನಡುವೆ ಇರುವುದು ರಾಜ್ಯದ ಗಡಿ ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಜೋಳ ಬೆಳೆಯುವ ಜಿಲ್ಲೆಗಳ ಪಡಿತರದಲ್ಲಿ ಜೋಳ ಮತ್ತು ತೊಗರಿ ಬೇಳೆ ವರ್ಷವಿಡೀ ಸಿಗಬೇಕು, ಅದನ್ನು ಅಲ್ಲಿನ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳಬೇಕು. ಬಿಸಿಯೂಟದ ಸಾರಿನಲ್ಲಿ ಬೇಳೆ ಕಣ್ಣಿಗೆ ಕಾಣಬೇಕು. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು ತಪ್ಪದೆ ಮಕ್ಕಳಿಗೆ ತಲುಪಬೇಕು.

ಬೇಡಿಕೆ ಸರ್ಕಾರಕ್ಕೆ ಮಾತ್ರವಲ್ಲ, ನಮಗೂ ಇದೆ. ಘಟ್ಟದ ನಾವು ಪಾಲಿಶ್ ಅಕ್ಕಿಯನ್ನುಂಡು, ಇಂಡೋನೇಷ್ಯಾದ ಮಳೆಕಾಡನ್ನು ಕಡಿದು ತೆಗೆದ ಪಾಮ್ ಎಣ್ಣೆಯಲ್ಲಿ ಹಪ್ಪಳ ಕರಿದು ತಿಂದು, ‘ನಾವು ಶುದ್ಧ ಸಸ್ಯಾಹಾರಿಗಳು’ ಎಂದು ಬೀಗುತ್ತೇವೆ. 2021ರಲ್ಲಿ ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಯೋಜನೆಯನ್ನು ಈಶಾನ್ಯ ರಾಜ್ಯಗಳು ಮತ್ತು ಅಂಡಮಾನಿಗೆ ವಿಶೇಷ ಒತ್ತು ಕೊಟ್ಟು ಘೋಷಿಸಿದಾಗ ನಮ್ಮ ಬಾಣಲೆಯನ್ನು ನಾವು ನೋಡಿಕೊಂಡೆವೇ? ಕಾಡು ಮಾಂಸದಿಂದ ಮಾತ್ರ ಹಾಳಾಗುವುದಿಲ್ಲ. ಔರಾದಿನ ಬೀಳು ನೆಲದ ಮೇಲೆ ಮೇಯ್ದ ಕುರಿಯ ಮಾಂಸವನ್ನು ಹಬ್ಬಕ್ಕೊಮ್ಮೆ ಉಣ್ಣುವ ಕೂಲಿಯವಳಿಗಿಂತ ನಾವು ಭೂಮಿಗೆ ಹಗುರವೆಂದು ಹೇಳುವ ಧೈರ್ಯ ನನಗಿಲ್ಲ.

ಭಾಲ್ಕಿಯ ಹುಡುಗಿ ಕಬ್ಬಿಣದ ಮಾತ್ರೆ ತೆಗೆದುಕೊಂಡಳು, ಮೊಳಕೆ ಕಾಳು, ರೊಟ್ಟಿ, ಪುಂಡಿಪಲ್ಯ, ಮೊಸರಿಗೆ ಮರಳಿದಳು. ಈಗ ಸುಧಾರಿಸಿದ್ದಾಳೆ. ಮಾಂಸಕ್ಕೆ ಮರಳಲಿಲ್ಲ; ಮರಳಿದ್ದರೂ ಅದು ಅವಳ ಇಷ್ಟ. ಅವಳ ತಾಯಿಯ ಮಾತನ್ನು ನಮ್ಮ ಮುಂದಿನ ಕರಪತ್ರದ ಮೊದಲ ಸಾಲಾಗಿ ಅಚ್ಚು ಹಾಕಿಸಬೇಕೆಂದು ನಾನು ಬಳಗವನ್ನು ಕೇಳಿಕೊಳ್ಳುತ್ತೇನೆ. ಇನ್ನು ಮುಂದೆ ಯಾರಿಗಾದರೂ ‘ಬಿಡು’ ಎಂದು ಹೇಳುವ ಮೊದಲು ಅವರ ಒಲೆಯ ಮುಂದೆ ಒಂದು ಹೊತ್ತು ಕೂರೋಣ. ಡಬ್ಬಿಯಲ್ಲಿ ಕಾಳಿದೆಯೇ ನೋಡೋಣ. ಇಲ್ಲವಾದರೆ ನಮ್ಮ ಮೊದಲ ಕೆಲಸ ಆ ಡಬ್ಬಿ ತುಂಬುವುದು, ಉಪದೇಶ ಆಮೇಲೆ.